ಹೊಳೆ ದಾಟಿದರೆ ಪರದೇಶ

ಹೊಳೆಯ ಎರಡು ದಡಕ್ಕೆ ಎರಡು ಸರ್ಕಾರ ಇದ್ದ ತನಕ ಇಂಥವು ನಡೆಯುತ್ತಲೇ ಇದ್ದವು, ನಾನೇನು ಮಾಡಲಿ?

ಪರದೇಶ ಅಂದರೆ ಜನ ಹಡಗು, ಸಮುದ್ರ, ಬಿಳಿ ದೊರೆಗಳು ಅಂದುಕೊಳ್ಳುತ್ತಾರೆ. ನಮ್ಮ ಕಂಪ್ಲಿಯವರಿಗೆ ಅಷ್ಟು ತೊಂದರೆ ಇರಲಿಲ್ಲ. ಈ ದಡ ಮದ್ರಾಸಿನದು, ಆ ದಡ ನಿಜಾಮರದು. ನಡುವೆ ತುಂಗಭದ್ರೆ, ಅದರ ಮೇಲೊಂದು ಹರಿಗೋಲು. ಆಚೆ ದಡಕ್ಕೆ ನಾವು ಮೊಗಲಾಯಿ ಅನ್ನುತ್ತಿದ್ದೆವು. ಅಲ್ಲಿ ನಾಣ್ಯ ಬೇರೆ, ಟಪಾಲಿನ ಸ್ಟಾಂಪು ಬೇರೆ, ಕಚೇರಿಯ ಭಾಷೆ ಉರ್ದು, ದಡಕ್ಕೆ ಕಾಲಿಟ್ಟ ಕೂಡಲೇ ಸುಂಕದ ನಾಕಾ. ಇತ್ತ ಹೊಸಪೇಟೆ ದಾಟಿ ಗುಡ್ಡ ಹತ್ತಿದರೆ ಸೊಂಡೂರು, ಅದಕ್ಕೆ ಬೇರೆಯೇ ರಾಜರು. ಹೀಗೆ ಎರಡು ಪರದೇಶಗಳ ಮಧ್ಯೆ ಹುಟ್ಟಿದ ನಾನು ಚಿಕ್ಕಂದಿನಲ್ಲಿ ಉರ್ದು ಕಲಿತಿದ್ದೆ. ಮುಂದೆ ಹರಿಗೋಲು ನಿಲ್ಲುವ ಕಡವಿನ ಬಳಿ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಹೊಳೆ ದಾಟುವವರಿಗೆ ಅರ್ಜಿ, ಕಾಗದ ಬರೆದುಕೊಡುತ್ತಿದ್ದೆ. ಜನ ನನ್ನನ್ನು ಮುನ್ಶಿ ಎಂದು ಕರೆಯುತ್ತಿದ್ದರು.

ಅರ್ಜಿಯ ಜೊತೆಗೆ ಬುದ್ಧಿಮಾತು ಪುಕ್ಕಟೆ. ಮೊದಲ ಸಲ ಹೋಗುವವರು ಏನು ಒಯ್ಯಬೇಕು, ಏನು ಬಿಡಬೇಕು, ಯಾರ ಮುಂದೆ ಹೇಗೆ ನಿಲ್ಲಬೇಕು, ಎಲ್ಲವನ್ನೂ ನಾನೇ ಹೇಳಿ ಕಳಿಸುತ್ತಿದ್ದೆ. ನನ್ನ ಮಾತು ಕೇಳಿ ಹೋದವರು ಯಾರೂ ಕೆಟ್ಟಿಲ್ಲ. ಕೆಟ್ಟವರು ಅರ್ಧ ಕೇಳಿ ಹೋದವರು. ಆ ಒಂದು ನಂಬಿಕೆಯ ಮೇಲೆ ನನ್ನ ಮನೆಯ ಒಲೆ ಉರಿಯುತ್ತಿತ್ತು, ಅದೇ ನಂಬಿಕೆಯ ಮೇಲೆ ನನ್ನ ತಂಗಿಯ ಮದುವೆಯೂ ಬಂದು ನಿಂತಿತು. ಅದನ್ನು ಕಡೆಗೆ ಹೇಳುತ್ತೇನೆ. ಮೊದಲು ಬೇರೆಯವರ ಪಾಡು ಕೇಳಿ.

ಭದ್ರವಾದ ಚೀಟಿ

ಪರದೇಶಕ್ಕೆ ಹೋಗುವವನ ಹತ್ತಿರ ತಾನು ಯಾರು ಎಂದು ತೋರಿಸುವ ಕಾಗದ ಇರಬೇಕು. ಇದು ನನ್ನ ಮೊದಲ ಪಾಠ. ಆ ಕಾಗದ ಕಳೆಯಬಾರದು, ಇದು ಎರಡನೆಯದು.

ಒಬ್ಬ ಗೌಡರು ಬಂದರು. ಆಚೆ ದಡದ ಹಳ್ಳಿಗೆ ಮಗಳನ್ನು ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಅವರ ಹೆಸರು, ತಂದೆಯ ಹೆಸರು, ಊರು, ಹೋಗುವ ಕಾರಣ ಎಲ್ಲವನ್ನೂ ಉರ್ದುವಿನಲ್ಲಿ ಬರೆದೆ.

"ಮೀಸಿದೂ ಬರೀರಿ," ಅಂದರು.

'ಮೀಸೆ ದೊಡ್ಡದು' ಎಂದು ಬರೆದೆ.

"ಭಾಳ ದೊಡ್ಡದು ಅಂತ ಬರೀರಿ."

ಹಾಗೇ ಬರೆದೆ. ಕಾಗದ ಮಡಚಿ ಕೈಗೆ ಕೊಡುತ್ತಾ, "ಗೌಡ್ರ, ಇದನ್ನ ಭದ್ರ ಇಟ್ಕೋರಿ. ಕಂಡಕಂಡವರ ಕೈಗೆ ಕೊಡಬ್ಯಾಡ್ರಿ. ಇದು ಹೋತು ಅಂದ್ರ ಆ ದಡದಾಗ ನೀವು ಯಾರೂ ಅಲ್ಲ," ಎಂದೆ.

ಸಂಜೆ ಗೌಡರು ಮಗಳಿಲ್ಲದೆ ಒಬ್ಬರೇ ತಿರುಗಿ ಬಂದರು. ಮುಖದಲ್ಲಿ ದಣಿವಿತ್ತು, ಆದರೆ ಸೋಲು ಇರಲಿಲ್ಲ.

"ಏನಾತ್ರೀ ಗೌಡ್ರ?"

"ನಾಕಾದವ ಕಾಗದ ಐತೇನು ಅಂತ ಕೇಳಿದ. ಇಲ್ಲ ಅಂದೆ."

"ಅಯ್ಯ, ಇತ್ತಲ್ರೀ!"

"ಇತ್ತು ಬಿಡ್ರಿ. ಆದ್ರ ಅವ ಯಾರೋ ಏನೋ, ಗುರ್ತಿಲ್ಲ, ಪರಿಚಯಿಲ್ಲ. ಕಂಡವರ ಕೈಗೆ ಕೊಡಬ್ಯಾಡ ಅಂತ ನೀವೇ ಹೇಳೀರಿ. ಹೊತ್ತು ಮುಳುಗೋತನಕ ಕುಂದ್ರಿಸಿದ. ಅಂಗಿ ಬಿಚ್ಚಿಸಿದ, ಬುತ್ತಿಗಂಟು ಬಿಚ್ಚಿಸಿದ. ಸಿಗಲಿಲ್ಲ ನೋಡ್ರಿ ಅವಂಗ!" ಎಂದು ಗೌಡರು ತಲೆಯ ರುಮಾಲು ಸುತ್ತು ಸುತ್ತಾಗಿ ಬಿಚ್ಚಿದರು. ಒಳಪದರಿನಲ್ಲಿ ನನ್ನ ಕಾಗದ ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

ತಪ್ಪು ನನ್ನದಲ್ಲ. ಆದರೂ ಕಸುಬಿನವನು ಸುಧಾರಿಸಿಕೊಳ್ಳಬೇಕು. ಅಂದಿನಿಂದ ಪ್ರತಿ ಚೀಟಿಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ, 'ನಾಕಾದಲ್ಲಿ ಕೇಳಿದರೆ ಇದನ್ನು ತೆಗೆದು ತೋರಿಸತಕ್ಕದ್ದು' ಎಂದು ಬರೆಯತೊಡಗಿದೆ. ಅದನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದೇನೆ ಎಂದು ನನಗೆ ಹೊಳೆದದ್ದು ಆರು ತಿಂಗಳ ಮೇಲೆ.

ವಾರಕ್ಕೆರಡು ರಜೆ

ಹೊಸಪೇಟೆಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರಿಗೆ ಮೊಗಲಾಯಿಯ ತಾಲೂಕು ಕಚೇರಿಯಲ್ಲಿ ಜಮೀನಿನ ಕೆಲಸವಿತ್ತು. ಶನಿವಾರ ಹಾಜರಾಗಬೇಕು ಎಂದು ಕಾಗದ ಬಂದಿತ್ತು.

"ಒಂದು ದಿನ ಮುಂಚೆ ಹೋಗಿ ಕಚೇರಿ ನೋಡ್ಕೊಂಡು ಬರ್ರಿ, ಸಾವ್ಕಾರ್ರ. ಪರದೇಶದಾಗ ಅವಸರ ಆಗಬಾರದು," ಎಂದೆ. ಈಗಲೂ ಹೇಳುತ್ತೇನೆ, ಒಳ್ಳೆಯ ಮಾತೇ ಅದು.

ಸಾಹುಕಾರರು ಗುರುವಾರವೇ ಹೋಗಿ ಛತ್ರದಲ್ಲಿ ಇಳಿದುಕೊಂಡರು. ಶುಕ್ರವಾರ ಬೆಳಿಗ್ಗೆ ಕೋಟು ತೊಟ್ಟು, ವಿಭೂತಿ ಹಚ್ಚಿ ಕಚೇರಿಗೆ ಹೋದರೆ ಬಾಗಿಲಿಗೆ ಬೀಗ. ಮೊಗಲಾಯಿಯಲ್ಲಿ ಶುಕ್ರವಾರವೇ ರಜೆ. ಕಾವಲುಗಾರ ಕೈಸನ್ನೆ ಮಾಡಿ ನಾಳೆ ಬನ್ನಿ ಅಂದ. ಶನಿವಾರ ಹೋದರು. ಅರ್ಧ ಕೆಲಸವಾಯಿತು. ಗುಮಾಸ್ತೆ ಉಳಿದದ್ದಕ್ಕೆ ನಾಳೆ ಬನ್ನಿ ಅಂದ.

ಸಾಹುಕಾರರು ಮನಸ್ಸಿನಲ್ಲೇ ನಕ್ಕರಂತೆ. ನಾಳೆ ಆದಿತ್ಯವಾರ, ಕಚೇರಿ ಎಲ್ಲಿರುತ್ತದೆ, ಪರದೇಶದವರು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಛತ್ರದಲ್ಲಿ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡರು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದರು. ಅತ್ತ ಕಚೇರಿಯಲ್ಲಿ ಜವಾನ ಬೆಳಗಿನಿಂದ ಸಂಜೆಯ ತನಕ ಅವರ ಹೆಸರು ಹಿಡಿದು ಕೂಗಿದ. ಸೋಮವಾರ ಹೋದಾಗ, ಗೈರುಹಾಜರಿಯ ಕಾರಣ ವಿಚಾರಣೆ ಮುಂದಿನ ತಿಂಗಳಿಗೆ ಎಂದು ಬರೆದಿಟ್ಟಿದ್ದರು.

ಸಾಹುಕಾರರು ಊರಿಗೆ ಬಂದು ಗಿರಣಿಯ ಅಂಗಳದಲ್ಲೇ ನಿಂತು ನನಗೂ ನಿಜಾಮರಿಗೂ ಸೇರಿಸಿ ಬೈದರು. ಹಮಾಲರು ಚೀಲ ಇಳಿಸಿ ಪೂರ್ತಿ ಕಥೆ ಕೇಳಿದರು. ಮಾರನೆಯ ದಿನ ಅವರಲ್ಲಿ ಹಿರಿಯ ಮುಂದೆ ಬಂದ.

"ಸಾವ್ಕಾರ್ರ, ನೀವು ಶುಕ್ರವಾರನೂ ಕುಂತ್ರಿ, ಆದಿತ್ವಾರನೂ ಕುಂತ್ರಿ. ನಮಗೂ ಒಂದು ದಿನ ರಜಾ ಕೊಡ್ರಿ."

ಸಾಹುಕಾರರಿಗೂ ಹೌದೆನ್ನಿಸಿತು. "ಎರಡರಾಗ ಯಾವ್ದು ಬೇಕು?" ಅಂದರು.

"ಅವೆರಡೂ ನಿಮಗೇ ಇರಲಿ," ಎಂದ ಹಮಾಲ. "ನಮಗ ಸೋಮವಾರ ಕೊಡ್ರಿ, ಎತ್ತಿಗೂ ಅವತ್ತೇ ರಜಾ."

ಕಣ್ಣು ಮುಚ್ಚಿಕೊಂಡವರು

ಹರಿಗೋಲು ಗುಂಡಗಿರುತ್ತದೆ, ನೀರಿನಲ್ಲಿ ಗರಗರ ತಿರುಗುತ್ತದೆ. ಹೊಸಬರು ಎದ್ದು ನಿಂತರೆ ಎಲ್ಲರೂ ನೀರುಪಾಲು. ಅದಕ್ಕೆ ನಾನು ಹೇಳುತ್ತಿದ್ದದ್ದು ಇಷ್ಟೇ: ಅಲ್ಲಾಡದೆ ಕೂತುಕೊಳ್ಳಿ, ತಲೆ ತಿರುಗಿದರೆ ಕಣ್ಣು ಮುಚ್ಚಿಕೊಳ್ಳಿ.

ನಮ್ಮ ಪೇಟೆಯ ಕಿರಾಣಿ ಅಂಗಡಿಯವರು ಮೊದಲ ಸಲ ಹೊರಟರು. ಆಚೆ ಇಳಿದ ಕೂಡಲೇ ಎದುರಿಗೆ ಸಿಕ್ಕವರಿಗೆ ಸಲಾಂ ಹೇಳಬೇಕು, 'ಮಿಜಾಜ್ ಕೈಸಾ ಹೈ' ಎಂದು ಯೋಗಕ್ಷೇಮ ಕೇಳಬೇಕು ಎಂದು ಬಾಯಿಪಾಠ ಮಾಡಿಸಿದೆ. ಹರಿಗೋಲು ದಡ ಬಿಡುವ ಮೊದಲೇ ಅವರು ಕಣ್ಣು ಮುಚ್ಚಿ, ಮೇಲೆ ಒಂದು ವಸ್ತ್ರವನ್ನೂ ಕಟ್ಟಿಕೊಂಡರು. ನಡುಹೊಳೆಯಲ್ಲಿ ಸೆಳೆತ ಜಾಸ್ತಿಯಾಯಿತು. ಹರಿಗೋಲಿನವ, ಇವತ್ತು ಆಗುವುದಿಲ್ಲ ಎಂದು ತಿರುಗಿಸಿಕೊಂಡು ನಮ್ಮ ದಡಕ್ಕೇ ತಂದು ಬಿಟ್ಟ. ಮಂತ್ರ ಹೇಳಿಕೊಳ್ಳುತ್ತಿದ್ದ ಇವರಿಗೆ ಅದೊಂದೂ ಕೇಳಿಸಲಿಲ್ಲ.

ನೆಲಕ್ಕೆ ತಾಗಿದ್ದೇ ತಡ, ವಸ್ತ್ರ ಬಿಚ್ಚಿ ಕೆಳಗಿಳಿದು ಪರದೇಶದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎದುರಿಗೆ ಬಿಂದಿಗೆ ಹಿಡಿದು ಅವರ ಪಕ್ಕದ ಮನೆಯ ಅಜ್ಜಿ ಬರುತ್ತಿದ್ದಳು. ಇವರು ನಡು ಬಗ್ಗಿಸಿ ಸಲಾಂ ಮಾಡಿ, "ಮಿಜಾಜ್ ಕೈಸಾ ಹೈ?" ಅಂದರು.

ಅಜ್ಜಿ ಬಿಂದಿಗೆ ಇಳಿಸಿ ಮೇಲಿಂದ ಕೆಳಗೆ ನೋಡಿದಳು. "ಯಾಕಲೇ, ಮುಂಜಾನಿ ನಮ್ಮನಿಯಾಗ ಮಜ್ಜಿಗಿ ಕುಡದು ಹೋಗೋವಾಗ ಚಲೋ ಇದ್ದೆಲ್ಲ!"

ಸೊಂಡೂರಿನ ಕೆಂಪು ಕೋಟು

ಬೆಲ್ಲದ ವ್ಯಾಪಾರಿಯೊಬ್ಬರು ಮೊದಲ ಬಾರಿ ಸೊಂಡೂರಿಗೆ ಹೊರಟಾಗ ಅವರಿಗೆ ಇದ್ದದ್ದು ಒಂದೇ ಭಯ.

"ಮುನ್ಶಿಯವ್ರ, ಅಲ್ಲಿ ರಾಜ್ರು ಎದುರಿಗೆ ಬಂದ್ರ ಹೆಂಗ ಮಾಡ್ಲಿ?"

"ನಿಂತು, ಬಗ್ಗಿ ಕೈ ಮುಗೀರಿ. ಕೇಳಿದ್ದಕ್ಕ ಅಷ್ಟೇ ಉತ್ರ ಕೊಡ್ರಿ. ಏನರ ಅಂದ್ರ ಒಲ್ಲೆ ಅನ್ನಬ್ಯಾಡ್ರಿ."

"ರಾಜ್ರು ಇವ್ರೇ ಅಂತ ಗುರ್ತು ಹೆಂಗ?"

"ಉಡುಪು ನೋಡಿದ್ರ ತಿಳಿತೈತಿ."

ಅಲ್ಲೇ ಸ್ವಲ್ಪ ಬಿಡಿಸಿ ಹೇಳಬೇಕಿತ್ತು. ಅವರು ಸೊಂಡೂರಿಗೆ ಹೋಗಿ ಕೋಟು ಹಾಕಿದವರಿಗೆಲ್ಲ ಕೈ ಮುಗಿದರು. ಟಪಾಲಿನವನಿಗೆ ಮುಗಿದರು, ಆಸ್ಪತ್ರೆಯ ಕಂಪೌಂಡರಿಗೆ ಮುಗಿದರು. ಪೇಟೆಯ ನಡುವೆ ಕೆಂಪು ಕೋಟು, ಭುಜಕ್ಕೆ ಜರಿ, ಎದೆ ತುಂಬ ಹಿತ್ತಾಳೆ ಗುಂಡಿ ಇದ್ದ ಒಬ್ಬರು ಬಂದರು. ಇವರೇ ಸರಿ ಎಂದು ನೆಲಕ್ಕೆ ತಲೆ ತಾಗುವ ಹಾಗೆ ಬಗ್ಗಿದರು.

ಬಂದವನು ಬ್ಯಾಂಡಿನ ಮೇಸ್ತ್ರಿ. ಮದುವೆಯ ಕಾಲ ಹತ್ತಿರವಾದಾಗ ಬ್ಯಾಂಡು ಬೇಕಾದವರು ಹಾಗೆ ಬಗ್ಗುವುದು ಅವನಿಗೆ ರೂಢಿಯಾಗಿತ್ತು.

"ಯಾವೂರು?"

"ಕಂಪ್ಲಿ, ದೊರಿ."

"ಮನಿ ಎಲ್ಲಿ ಬರ್ತೈತಿ?"

ಮನೆಯ ಗುರುತು ಹೇಳಿದರು.

"ವೈಶಾಖದ ಹುಣ್ಣಿವಿಗೆ ಬರ್ತೀವಿ. ಹನ್ನೆರಡು ಮಂದಿ. ಊಟ ನಿಮ್ದೇ."

"ನಮ್ಮ ಪುಣ್ಯ, ದೊರಿ!"

ಕಂಪ್ಲಿಗೆ ಬಂದವರೇ, ವೈಶಾಖದಲ್ಲಿ ರಾಜರು ಪರಿವಾರ ಸಮೇತ ನಮ್ಮ ಮನೆಗೆ ದಯಮಾಡಿಸುತ್ತಾರೆ ಎಂದು ಸಾರಿದರು. ಮನೆಗೆ ಸುಣ್ಣ ಬಳಿಸಿದರು, ಅಂಗಳಕ್ಕೆ ಚಪ್ಪರ ಹಾಕಿಸಿದರು. ಹುಣ್ಣಿಮೆಯ ದಿನ ಊರೆಲ್ಲ ಬೀದಿಯಲ್ಲಿ ಸಾಲಾಗಿ ನಿಂತಿತ್ತು. ಹನ್ನೆರಡು ಕೆಂಪು ಕೋಟುಗಳು ಡೋಲು ಬಡಿಯುತ್ತಾ, ಕೊಳಲು ಊದುತ್ತಾ ಬಂದು ಚಪ್ಪರದ ಮುಂದೆ ನಿಂತವು. ಮೇಸ್ತ್ರಿ ಸುತ್ತ ನೋಡಿ, "ಮದುಮಕ್ಕಳು ಎಲ್ಲಿ?" ಅಂದ.

ವ್ಯಾಪಾರಿಯ ಮುಖ ಸುಣ್ಣದ ಗೋಡೆಗಿಂತ ಬೆಳ್ಳಗಾಯಿತು. ಅವರ ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಊರೆಲ್ಲ ನೋಡುತ್ತಿದೆ. ಒಳಗೆ ಹೋಗಿ ಹೆಂಡತಿಯ ಕೈ ಹಿಡಿದು ಕರೆತಂದು, "ನಾವೇ," ಅಂದುಬಿಟ್ಟರು. ಬ್ಯಾಂಡು ಗಂಡಹೆಂಡಿರನ್ನು ಮುಂದಿಟ್ಟುಕೊಂಡು ಊರೆಲ್ಲ ಸುತ್ತಿತು.

ಆ ತಾಯಿ ಒಂದಿಷ್ಟೂ ಬೇಸರಪಡಲಿಲ್ಲ. ಮನೆಗೆ ತಿರುಗಿ ಬಂದಾಗ ನನ್ನನ್ನು ಕಂಡು, "ನಮ್ಮ ಮದುವ್ಯಾಗ ಬರೇ ಒಂದು ಹಲಗಿ ಹೊಡಸಿದ್ರು, ಮುನ್ಶಿಯವ್ರ. ಹತ್ತು ವರ್ಷ ತಡ ಆದ್ರೂ ಬ್ಯಾಂಡು ಬಂತು ನೋಡ್ರಿ," ಅಂದಳು.

ಕುದಿಸಿದ ಬಾಳೆಹಣ್ಣು

ಒಮ್ಮೆ ಲೆಕ್ಕ ತಿರುಗುಮುರುಗಾಯಿತು. ನಮ್ಮ ಸೀಮೆಯೇ ಯಾರಿಗೋ ಪರದೇಶವಾಯಿತು. ಹಂಪಿ ನೋಡಲು ವಿಲಾಯತಿಯಿಂದ ಒಬ್ಬ ದೊರೆ, ದೊರೆಸಾನಿ ಬಂದರು. ನನಗೆ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿದ್ದರಿಂದ ಮೂರು ದಿನ ಅವರ ಜೊತೆ ತಿರುಗಾಡಲು ನನ್ನನ್ನು ಕರೆಸಿದರು.

ಅವರ ಕೈಯಲ್ಲಿ ಒಂದು ಪುಸ್ತಕ. ಮೊದಲ ಸಲ ಇಂಡಿಯಾಕ್ಕೆ ಹೋಗುವವರು ಹೇಗಿರಬೇಕು ಎಂದು ಯಾವನೋ ಬರೆದದ್ದು. ಅವನೂ ನನ್ನ ಕಸುಬಿನವನೇ ಎಂದು ನನಗೆ ಗೌರವ ಬಂತು. ಪುಸ್ತಕದಲ್ಲಿ, ಸ್ಥಳೀಯರಿಂದ ಪಡೆದ ಯಾವುದನ್ನೂ ಚೆನ್ನಾಗಿ ಕುದಿಸದೆ ಬಾಯಿಗಿಡಬಾರದು ಎಂದಿತ್ತಂತೆ. ಇವನೂ ನನ್ನ ಹಾಗೆ ಸ್ಪಷ್ಟವಾಗಿ ಹೇಳುವ ಮನುಷ್ಯ ಅಂದುಕೊಂಡೆ.

ಗುಡಿಯ ಹತ್ತಿರ ಒಬ್ಬ ಮುದುಕಿ ಬಾಳೆಹಣ್ಣು ಮಾರುತ್ತಿದ್ದಳು. ದೊರೆಸಾನಿ ಒಂದು ಚಿಪ್ಪು ಕೊಂಡು ಸ್ಟೌವಿನ ಮೇಲೆ ಪಾತ್ರೆ ಇಟ್ಟು ಸಿಪ್ಪೆ ಸಮೇತ ಕುದಿಸಿದರು. ಆಮೇಲೆ ಎಳನೀರು ತಂದರೆ ಅದನ್ನೂ ಕುದಿಸಿದರು. ಮಾರನೆಯ ದಿನ ಯಾರೋ ಪ್ರೀತಿಯಿಂದ ಒಂದು ತಂಬಿಗೆ ಮಜ್ಜಿಗೆ ಕೊಟ್ಟರು. ಅದು ಕುದಿದು ಒಡೆದು ನೀರೇ ಬೇರೆ ಗಡ್ಡೆಯೇ ಬೇರೆ ಆಯಿತು. ದೊರೆ ಕಣ್ಣು ಮುಚ್ಚಿ ಎರಡನ್ನೂ ನುಂಗಿದರು.

ಮುದುಕಿ ಇದನ್ನೆಲ್ಲ ನೋಡುತ್ತಾ ಕೂತಿದ್ದವಳು ನನ್ನನ್ನು ಕರೆದಳು. "ಯಪ್ಪಾ, ಬಾಳಿಹಣ್ಣು ಸೈತ ಬೇಯಿಸ್ಕೊಂಡು ತಿಂತಾರಲ್ಲ. ಹಲ್ಲಿಲ್ಲದ ಪಾಪದವ್ರನ್ನ ಯಾಕ ಇಷ್ಟು ದೂರ ಕಳಿಸ್ಯಾರ?"

ಏನಂದಳು ಎಂದು ದೊರೆಸಾನಿ ಕೇಳಿದರು. "ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾಳೆ," ಎಂದೆ. ಸುಳ್ಳೇನಲ್ಲ.

ಮೂರನೆಯ ದಿನ ಮುದುಕಿ ಮನೆಯಿಂದ ಹಸುಗೂಸಿಗೆ ಮಾಡುವ ಹಾಗೆ ತೆಳ್ಳಗೆ ಗಂಜಿ ಕಾಯಿಸಿ ತಂದಳು. ಕೊಡುವ ಮುಂಚೆ ಅನುಮಾನ ಪರಿಹಾರಕ್ಕೆ ದೊರೆಯ ಗದ್ದ ಹಿಡಿದು ಬಾಯಿ ತೆರೆಸಿ ಇಣುಕಿ ನೋಡಿದಳು. ಮೊದಲೇ ಕುದಿದ ಪದಾರ್ಥವಾದ್ದರಿಂದ ಇಬ್ಬರೂ ಸಂತೋಷದಿಂದ ಕುಡಿದರು. ದೊರೆಸಾನಿ ನೋಟ್‌ಬುಕ್ ತೆಗೆದು ಬರೆದುಕೊಂಡದ್ದನ್ನು ನಾನು ಹಿಂದಿನಿಂದ ಓದಿದೆ: 'ಇಲ್ಲಿಯ ಜನ ಅತಿಥಿಗಳಿಗೆ ಗಂಜಿ ಕೊಡುತ್ತಾರೆ. ಕೊಡುವ ಮೊದಲು ಹಲ್ಲು ಪರೀಕ್ಷಿಸುವುದು ಇಲ್ಲಿಯ ಸಂಪ್ರದಾಯ.'

ಒಂದು ಚೀಲ ಅಕ್ಕಿಕಾಳು

ಇನ್ನು ನನ್ನ ಮನೆಯ ಸಂಗತಿ. ಯುದ್ಧದ ಕಾಲ. ಅಪ್ಪ ತೀರಿಕೊಂಡಿದ್ದರು, ತಂಗಿಯ ಮದುವೆಯ ಭಾರ ನನ್ನ ಮೇಲಿತ್ತು. ಅವಳಿಗೆ ಬಂದ ಎರಡು ಸಂಬಂಧ ಮಾತಿನಲ್ಲೇ ಮುರಿದಿದ್ದವು. ಮೂರನೆಯದು ಹೊಳೆಯಾಚೆಯದು. ನಮ್ಮದು ಭತ್ತದ ಗದ್ದೆಯ ಊರು, ಅದು ಬರೀ ಜೋಳ ಬೆಳೆಯುವ ಸೀಮೆ. ಹುಡುಗ ಒಳ್ಳೆಯವನು. ಬೀಗರು ಬೆಳ್ಳಿ, ಬಂಗಾರ ಏನೂ ಕೇಳಲಿಲ್ಲ.

"ಕಂಪ್ಲಿ ಹೆಣ್ಣು ತರಾಕತ್ತೀವಿ ಅಂತ ಊರಿಗೆಲ್ಲ ಹೇಳೀನಿ," ಅಂದರು ಬೀಗರು. "ಮಂದಿ ಕೇಳೋದು ಒಂದೇ, ಅನ್ನದ ಊಟ ಐತೇನು ಅಂತ. ಮದುವಿ ನಮ್ಮನಿಯಾಗ, ಅಕ್ಕಿ ನಿಮ್ದು. ಅದಾಗಲಿಲ್ಲ ಅಂದ್ರ ಯುದ್ಧ ಮುಗೀಲಿ, ಆಮ್ಯಾಲ ನೋಡೋಣು."

ಯುದ್ಧ ಎಂದು ಮುಗಿಯುತ್ತದೋ ಅದನ್ನು ಮಾಡುತ್ತಿದ್ದವರಿಗೇ ಗೊತ್ತಿರಲಿಲ್ಲ. ನಾನು ಅಕ್ಕಿ ತರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಆದರೆ ಅಕ್ಕಿ ಕಂಟ್ರೋಲಿನಲ್ಲಿತ್ತು. ಪರ್ಮಿಟ್ ಇಲ್ಲದೆ ಒಂದು ಸೇರೂ ಹೊಳೆ ದಾಟುವಂತಿರಲಿಲ್ಲ. ಊರಿಗೆಲ್ಲ ಅರ್ಜಿ ಬರೆದುಕೊಟ್ಟ ನಾನು ನನ್ನದೇ ಒಂದು ಅರ್ಜಿ ಬರೆದೆ, ಬಹಳ ಚೆನ್ನಾಗಿತ್ತು. ಉತ್ತರವೇ ಬರಲಿಲ್ಲ. ಕಡವಿನಲ್ಲಿ ಅಕ್ಕಿ ಹಿಡಿಯಲು ಹೊಸದಾಗಿ ಒಬ್ಬ ಇನ್ಸ್‌ಪೆಕ್ಟರು ಬಂದಿದ್ದರು. ಮಂಗಳೂರು ಕಡೆಯ ಹುಡುಗ, ಕೈ ಭಾಳ ಶುದ್ಧ. ಅದೇ ದೊಡ್ಡ ತೊಂದರೆ.

ನಾನು ಎದೆಗುಂದುವವನಲ್ಲ. ಕಾಯ್ದೆಯನ್ನು ತಿರುವಿ ಹಾಕಿದೆ. ಮದುವೆಯಲ್ಲಿ ಹೆಣ್ಣುಗಂಡಿನ ತಲೆಯ ಮೇಲೆ ಹಾಕುವ ಅರಿಶಿನದ ಅಕ್ಷತೆಯನ್ನು ನಾವು ಅಕ್ಕಿಕಾಳು ಅನ್ನುತ್ತೇವೆ. ಅದನ್ನು ಒಯ್ಯಲು ಕಡವಿನಲ್ಲಿ ಯಾರೂ ತಡೆಯುತ್ತಿರಲಿಲ್ಲ. ಎಷ್ಟು ಒಯ್ಯಬಹುದು ಎಂದು ಎಲ್ಲಿಯೂ ಬರೆದಿರಲಿಲ್ಲ.

"ಅವ್ವಾ, ಮನ್ಯಾಗ ಅರಿಶಿನ ಎಷ್ಟೈತಿ?" ಎಂದು ಕೇಳಿದೆ.

ಅವ್ವ, ಅತ್ತೆಯಂದಿರು, ಓಣಿಯ ಹೆಂಗಸರು ಎಲ್ಲ ಸೇರಿ ಚಾಪೆ ಹಾಸಿ ಒಂದು ಚೀಲ ಅಕ್ಕಿಗೆ ಅರಿಶಿನ ತಿಕ್ಕಿದರು. ಎರಡು ದಿನ ಓಣಿಯಲ್ಲಿ ಹಳದಿ ಕೈಯಿಲ್ಲದ ಹೆಂಗಸು ಇರಲಿಲ್ಲ.

ದಿಬ್ಬಣ ಕಡವಿಗೆ ಬಂತು. ಇನ್ಸ್‌ಪೆಕ್ಟರು ಚೀಲದ ಬಾಯಿ ಬಿಚ್ಚಿಸಿ ಕೈ ಹಾಕಿದರು. ಹೊರಗೆ ತೆಗೆದಾಗ ಮೊಣಕೈ ತನಕ ಹಳದಿ.

"ಇದೆಂಥದು ಮುನ್ಶಿಗಳೇ?"

"ಅಕ್ಕಿಕಾಳು, ಸಾಹೇಬ್ರ. ಮದುವಿ ಅಕ್ಷತಿ."

"ಒಂದು ಚೀಲವಾ? ನಮ್ಮ ಊರಲ್ಲಿ ಒಂದು ಬಟ್ಟಲು ಸಾಕು ಮಾರಾಯ್ರೆ!"

"ಊರಿಗೊಂದು ಪದ್ಧತಿ, ಸಾಹೇಬ್ರ. ನಮ್ಮ ಮನೆತನದಾಗ ಮದುಮಕ್ಕಳು ಮುಚ್ಚೋಹಂಗ ಹಾಕಬೇಕು," ಎಂದೆ. ಒಂದು ಅಕ್ಷರವೂ ತಡವರಿಸಲಿಲ್ಲ. ತಂಗಿ ನನ್ನ ಹಿಂದೆ ನಿಂತು ನನ್ನ ಅಂಗಿಯ ತುದಿ ಹಿಡಿದಿದ್ದಳು. ಅದು ಈಗಲೂ ನೆನಪಿದೆ.

ಇನ್ಸ್‌ಪೆಕ್ಟರು ಚೀಲ ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಮುಖ ಅರಳಿಸಿ, "ಇಂಥ ಪದ್ಧತಿ ನಾನು ಎಲ್ಲಿಯೂ ಕಂಡದ್ದಿಲ್ಲ. ಇವತ್ತು ನನಗೂ ಬಿಡುವು ಉಂಟು. ನಿಮ್ಮ ಜೊತೆ ಬಂದು ಕಣ್ಣಾರೆ ನೋಡುತ್ತೇನೆ. ಆಚೆ ದಡಕ್ಕೆ ಇದೇ ಮೊದಲ ಸಲ, ಹೇಗೆ ಇರಬೇಕು ಅಂತ ಸ್ವಲ್ಪ ಹೇಳಿ," ಅಂದರು.

ಹೊಳೆ ದಾಟುವ ತನಕ ಅವರಿಗೆ ಎಲ್ಲ ಪಾಠವನ್ನೂ ಹೇಳಿದೆ. ಎಲ್ಲವನ್ನೂ ಪೂರ್ತಿ ಕೇಳಿದವರು ನನ್ನ ಜನ್ಮದಲ್ಲಿ ಅವರೊಬ್ಬರೇ.

ಬೀಗರಿಗೆ ಗುಟ್ಟಿನಲ್ಲಿ ಸಂಗತಿ ತಿಳಿಸಿದಾಗ ಅವರು ಕೂತುಬಿಟ್ಟರು. "ಹೊಳಿ ದಾಟಿದ ಮ್ಯಾಲ ಅವನ ಅಧಿಕಾರ ಏನೈತ್ರೀ? ಚೀಲ ಸೀದಾ ಅಡಗಿಮನಿಗೆ ಒಯ್ರಿ!"

"ನಾನು ನಾಳಿ ಅದೇ ಕಡವಿನಾಗ ಮೇಜು ಹಾಕ್ಕೊಂಡು ಕುಂದ್ರಬೇಕ್ರಿ, ಬೀಗರ," ಎಂದೆ. "ಅಕ್ಕಿಕಾಳು ಅಷ್ಟೂ ಹಾಕೇ ತೀರಬೇಕು. ಒಂದು ಕೆಲಸ ಮಾಡ್ರಿ. ಮನ್ಯಾಗಿನ ಜಮಖಾನ, ಪಂಜಿ, ಸೀರಿ ಇದ್ದಷ್ಟೂ ತಂದು ಮಂಟಪದ ತುಂಬ ಹಾಸ್ರಿ. ಒಂದು ಕಾಳೂ ನೆಲಕ್ಕ ತಾಗಬಾರದು."

ಮುಹೂರ್ತ ಬಂತು. ಬಂದವರಿಗೆಲ್ಲ ಹಿಡಿಯ ಬದಲು ಬೋಗುಣಿ ತುಂಬ ಅಕ್ಕಿಕಾಳು ಕೊಟ್ಟೆವು. ಇನ್ಸ್‌ಪೆಕ್ಟರನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದೆವು. ಅಯ್ಯನವರು ಮಂತ್ರ ಶುರು ಮಾಡಿದರು, ಜನ ಹಾಕತೊಡಗಿದರು. ಬೀಗರು ಪ್ರತಿ ಬೋಗುಣಿಗೂ, "ಸಾವಕಾಶ ಹಾಕ್ರೋ, ಹೊರಗ ಚೆಲ್ಲೀತು!" ಎಂದು ಸುತ್ತ ಓಡಾಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅಯ್ಯನವರು ನನ್ನ ಕಡೆ ವಾಲಿದರು. "ಮಂತ್ರ ಮುಗಿದಾವ್ರಿ."

"ಅಕ್ಕಿ ಮುಗಿದಿಲ್ಲ. ಮತ್ತ ಮೊದಲಿಂದ ಹೇಳ್ರಿ."

ಅವರು ಏಳು ಸಲ ಮೊದಲಿನಿಂದ ಹೇಳಿದರು. ಅಕ್ಕಿಕಾಳು ತಂಗಿಯ ಮಡಿಲು ತುಂಬಿ, ಮೊಣಕಾಲು ಮುಚ್ಚಿ, ನಡು ಮುಟ್ಟಿತು. ಅಳಿಯನ ಬಾಸಿಂಗ ಕಿವಿಗೆ ಸರಿದಿತ್ತು. ಅವನು ಸರಿಪಡಿಸಿಕೊಳ್ಳಲು ಹೋದರೆ ಕೈ ಅಕ್ಕಿಯೊಳಗೆ ಸಿಕ್ಕಿಕೊಂಡಿತ್ತು.

"ಅಣ್ಣಾ, ಇನ್ನೂ ಎಷ್ಟೈತಿ?" ಎಂದಳು ತಂಗಿ ಮೆಲ್ಲಗೆ.

"ಇನ್ನೊಂದು ಕಾಲು ಚೀಲ. ತಡಕೋ ನಮ್ಮವ್ವ."

ಕೊನೆಯ ಎರಡು ಬೋಗುಣಿ ಇನ್ಸ್‌ಪೆಕ್ಟರೇ ಎದ್ದು ಹಾಕಿದರು. ಮದುಮಕ್ಕಳನ್ನು ನಾಲ್ವರು ಕೈ ಕೊಟ್ಟು ಮೇಲೆಳೆದ ಕೂಡಲೇ ಹೆಂಗಸರು ಜಮಖಾನೆಯ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಅಡಿಗೆಮನೆಗೆ ಓಡಿದರು. ಎಂಟು ನೀರಿನಲ್ಲಿ ತೊಳೆದರಂತೆ. ಅರಿಶಿನ ಹೋಗಲಿಲ್ಲ.

ಪಂಕ್ತಿ ಕೂತಿತು. ಎಲೆಯ ಮೇಲೆ ಅನ್ನ ಬಿತ್ತು, ಚೆಂಡುಹೂವಿನ ಬಣ್ಣದ್ದು. ಇನ್ಸ್‌ಪೆಕ್ಟರನ್ನು ಎಲೆಗೆ ಕರೆಯದೆ ಕಳಿಸುವುದು ಹೇಗೆ? ಕರೆದಿದ್ದೆವು, ಕೂತಿದ್ದರು. ಎಲೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಪಂಕ್ತಿಯ ತುದಿಯ ತನಕ ಹಳದಿ. ಬೀಗರು ಸಾರಿನ ತಂಬಿಗೆ ಹಿಡಿದು ಹಾಗೇ ನಿಂತಿದ್ದರು.

"ಮುನ್ಶಿಗಳೇ, ಇದೂ ಪದ್ಧತಿಯಾ?"

"ಹೌದ್ರಿ ಸಾಹೇಬ್ರ. ಇದು ಎರಡನೇ ಭಾಗ."

ಅವರು ಒಂದು ತುತ್ತು ಕಲಸಿ ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. ಆಮೇಲೆ ತಲೆ ಎತ್ತದೆ, "ಇನ್ನೊಂದು ಸೌಟು ಹಾಕಿಸಿ," ಅಂದರು. "ನಿಮ್ಮ ಊರಿಗೆ ಬಂದು ನಾಲ್ಕು ತಿಂಗಳಾಯಿತು ಮಾರಾಯ್ರೆ. ದಿನವೂ ಅಕ್ಕಿ ಹಿಡಿಯುತ್ತೇನೆ, ಮನೆಗೆ ಹೋಗಿ ರೇಷನ್ನಿನ ಜೋಳದ ರೊಟ್ಟಿ ತಿನ್ನುತ್ತೇನೆ. ಹೊಟ್ಟೆ ತುಂಬ ಅನ್ನ ಉಣ್ಣುವುದು ಇವತ್ತೇ."

ಬೀಗರು ಸಾರಿನ ತಂಬಿಗೆ ಕೆಳಗಿಟ್ಟು ಅನ್ನದ ಬೋಗುಣಿಯನ್ನೇ ಅವರ ಎಲೆಗೆ ಮಗುಚಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಮುಖ ಮುಚ್ಚಿಕೊಂಡು ಅಳುತ್ತಾ ನಗುತ್ತಿದ್ದಳು. ನನಗೂ ಕಣ್ಣು ತುಂಬಿತು, ಹೇಳಲು ನಾಚಿಕೆಯಿಲ್ಲ.

ಮುಂದಿನ ವಾರ ಇನ್ಸ್‌ಪೆಕ್ಟರು ನನ್ನ ಮೇಜಿಗೆ ಜವಾನನನ್ನು ಕಳಿಸಿ ಕಡವಿಗೆ ಕರೆಸಿಕೊಂಡರು. ಅಲ್ಲಿ ಬೇರೆ ಬೇರೆ ಊರಿನ ಮೂರು ದಿಬ್ಬಣಗಳು ಸಾಲಾಗಿ ನಿಂತಿದ್ದವು. ಮೂರರ ಮುಂದೆಯೂ ಒಂದೊಂದು ಹಳದಿ ಚೀಲ.

"ಮುನ್ಶಿಗಳೇ," ಅಂದರು, "ಇವರೆಲ್ಲ ಯಾರು? ಎಲ್ಲರೂ ನಿಮ್ಮ ಮನೆತನದವರೇ ಅಂತ ಹೇಳುತ್ತಿದ್ದಾರೆ."

ಮೂರೂ ದಿಬ್ಬಣದ ಹೆಣ್ಣುಮಕ್ಕಳು ತಲೆ ತಗ್ಗಿಸಿ ನನ್ನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದರು. ನಾನು ಕೋಟಿನ ಗುಂಡಿ ಹಾಕಿಕೊಂಡು, "ಹೌದ್ರಿ ಸಾಹೇಬ್ರ, ನಮ್ದು ಭಾಳ ದೊಡ್ಡ ಮನೆತನ. ಮೂರು ಮನಿಯಾಗೂ ಮೊದಲ ಪಂಕ್ತಿಗೆ ನಿಮ್ಮ ಎಲಿ ಹಾಕಸ್ತೀನಿ, ಬರ್ರಿ," ಎಂದೆ.